ಬೆರಕೆ ಸೊಪ್ಪು ಕೊಟ್ಟ ಹೊಲ

ನಮ್ಮ ಮಾಗಡಿ ಸೀಮೆಯಲ್ಲಿ ರಾಗಿ ಹೊಲದ ಕಳೆ ಕೀಳಲು ಹೋದ ಹೆಂಗಸರು ಬರಿಗೈಲಿ ಮನೆಗೆ ಬರುತ್ತಿರಲಿಲ್ಲ. ಸಂಜೆ ಅವರ ಮಡಿಲು ಬಿಚ್ಚಿದರೆ ಅಣ್ಣೆ, ಗೋಣಿ, ಕೀರೆ, ಗಣಿಕೆ, ಕನ್ನೆ, ಚಿಲಕರಿವೆ, ಬೇಲಿಯ ಮೇಲೆ ಹಬ್ಬಿದ ಕುಂಬಳದ ಕುಡಿ ಎಲ್ಲ ಒಟ್ಟಿಗೆ ಉದುರುತ್ತಿದ್ದವು. ಇದೇ ನಮ್ಮ ಬೆರಕೆ ಸೊಪ್ಪು. ಬಹುಪಾಲು ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಯಿಸಿದ್ದಲ್ಲ. ಆಷಾಢ ಶ್ರಾವಣದ ಮಳೆ ಕೊಟ್ಟದ್ದು.

ಕೊಯ್ಯುವುದಕ್ಕೂ ಅಳತೆ ಇತ್ತು. ಗಣಿಕೆ ಹೆಚ್ಚಾದರೆ ಸಾರು ಕಹಿ, ಗೋಣಿ ಹೆಚ್ಚಾದರೆ ಲೋಳೆ, ಅಣ್ಣೆ ಹೂ ಬಿಟ್ಟ ಮೇಲೆ ಬರೀ ನಾರು. ಯಾವುದನ್ನು ಎಷ್ಟು ಚಿವುಟಬೇಕು, ಯಾವುದನ್ನು ಬೀಜಕ್ಕೆ ಬಿಡಬೇಕು ಎಂಬುದನ್ನು ನಮ್ಮಜ್ಜಿ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವರ ಅತ್ತೆಯ ಜೊತೆ ಹೊಲದ ಸಾಲಿನಲ್ಲಿ ಕೂತು ಕಲಿತಿದ್ದರು.

ಆ ಸೊಪ್ಪನ್ನು ತೊಗರಿಬೇಳೆಯೊಂದಿಗೋ ಹಲಸಂದೆ ಕಾಳಿನೊಂದಿಗೋ ಬೇಯಿಸಿ, ಕಟ್ಟು ಬಸಿದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಹುಣಸೆಹಣ್ಣಿನ ಜೊತೆ ಬೆಂದ ಸೊಪ್ಪಿನಲ್ಲೇ ಒಂದು ಹಿಡಿ ಹಾಕಿ ರುಬ್ಬಿ ಕಟ್ಟಿಗೆ ಬೆರೆಸಿದರೆ ಬಸ್ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆಯಾಗುತ್ತಿತ್ತು, ಬೇಯಿಸಿದ ನೀರೂ ಚೆಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಬಿಸಿ ಮುದ್ದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಅವರೆ, ಹುರುಳಿ, ಹಲಸಂದೆಗಳಲ್ಲಿ ಹೇರಳವಾಗಿದೆ ಎಂದೂ ಹೇಳುತ್ತಾರೆ. ಅಜ್ಜಿಗೆ ಆ ಹೆಸರುಗಳು ಗೊತ್ತಿರಲಿಲ್ಲ. ಆದರೂ ಅವರು ಮುದ್ದೆಯನ್ನು ಕಾಳು ಸೊಪ್ಪುಗಳಿಲ್ಲದೆ ಬಡಿಸಿದ್ದು ಅಪರೂಪ.

ತಟ್ಟೆಯಲ್ಲಿ ಇದ್ದ ಜೋಡಿ ಹೊಲದಲ್ಲೂ ಇತ್ತು. ರಾಗಿಯ ನಡುವೆ ಅಷ್ಟಷ್ಟು ದೂರಕ್ಕೆ ಅಕ್ಕಡಿ ಸಾಲು ಬಿಡುತ್ತಿದ್ದರು: ಅವರೆ, ತೊಗರಿ, ಹಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ, ಬದುವಿನ ಬದಿಗೆ ಹರಳು. ಕಾಳಿನ ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತಿತ್ತು, ಹುಚ್ಚೆಳ್ಳಿನ ಹಳದಿ ಹೂವು ಜೇನನ್ನು ಕರೆಯುತ್ತಿತ್ತು. ಮೊದಲು ಸೊಪ್ಪು, ಆಮೇಲೆ ಹಲಸಂದೆ ಕಾಯಿ, ಕಾರ್ತೀಕದ ಹೊತ್ತಿಗೆ ರಾಗಿ ಕೊಯ್ಲು. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ನಿಂತು, ಹಗಲು ಗಿಡ್ಡವಾದಾಗ ಹೂ ಬಿಟ್ಟು, ಇಬ್ಬನಿಯಲ್ಲಿ ನೆನೆದು, ಪುಷ್ಯದ ಚಳಿಯಲ್ಲಿ ಸೊಗಡು ತುಂಬಿದ ಕಾಯಿ ಕೊಡುತ್ತಿತ್ತು. ಹಿತಕಿದ ಬೇಳೆಯ ಸಾರು ಆ ತಿಂಗಳಿನದು. ಬೇಸಿಗೆಗೆ ಹುರುಳಿಕಟ್ಟು, ಉಪ್ಪೆಸರು, ಅಂಬಲಿ. ಮಳೆ ಕೈಕೊಟ್ಟ ವರ್ಷಕ್ಕೆ ಹಗೇವಿನಲ್ಲಿ ಹೂತಿಟ್ಟ ರಾಗಿ. ಇವತ್ತು ಏನು ಅಡುಗೆ ಎಂಬ ಪ್ರಶ್ನೆಗೆ ಉತ್ತರ ಹೊಲದಿಂದಲೇ ಬರುತ್ತಿತ್ತು.

ಆ ಹೊಲ ಈಗ ಕಾಣುವುದು ಅಪರೂಪ. ಎಷ್ಟೋ ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದಿತು, ಬೆಂಗಳೂರಿನ ಸುತ್ತ ಬಡಾವಣೆಯ ಕಲ್ಲುಗಳು ನಿಂತವು. ಉಳಿದ ಹೊಲದಲ್ಲಿ ಬರೀ ರಾಗಿ; ಯಂತ್ರದ ಕೊಯ್ಲಿಗೆ ಅಕ್ಕಡಿ ಸಾಲು ಅಡ್ಡಿ. ಕೂಲಿಗೆ ಜನ ಸಿಗದೆ ರೈತ ಕಳೆನಾಶಕ ಹೊಡೆಯುತ್ತಾನೆ, ಕಳೆಯ ಜೊತೆ ಬೆರಕೆ ಸೊಪ್ಪೂ ಸಾಯುತ್ತದೆ. ಅವರೆಯ ಕಾಲವೂ ಅಳಿಸಿಹೋಗುತ್ತಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4 ತಳಿಗಳು ಹಗಲಿನ ಉದ್ದ ನೋಡದೆ ವರ್ಷದ ಬೇರೆ ಕಾಲದಲ್ಲೂ ಕಾಯಿ ಬಿಡುತ್ತವೆ. ರೈತನಿಗೆ ಅದರಿಂದ ಅನುಕೂಲವಾಗಿದೆ, ನಿಜ. ಆದರೆ ಬೇಸಿಗೆಯ ಅವರೆಕಾಯಿಗೆ ಚಳಿಗಾಲದ ಸೊಗಡು ಬರುವುದಿಲ್ಲ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತು. ರಾಗಿ, ನವಣೆ, ಸಾಮೆ, ಹಾರಕಗಳಿಗೆ ಮರ್ಯಾದೆ ಮರಳಿದ್ದಕ್ಕೆ ನನಗೆ ಸಂತೋಷವಿದೆ. ಆದರೆ ಅಂಗಡಿಗೆ ಮರಳಿದ ಧಾನ್ಯ ಬಿಸ್ಕತ್ತಾಗಿ, ಮಾಲ್ಟಾಗಿ, ಒಂಟಿಯಾಗಿ ಬಂದಿದೆ. ಊರಿನ ನಂಟರಿಷ್ಟರನ್ನೆಲ್ಲ ಬಿಟ್ಟು ಪಟ್ಟಣ ಸೇರಿದ ಮಗನ ಹಾಗೆ. ಅದರ ಜೊತೆ ಬೆಳೆದ ಕಾಳು ಬರಲಿಲ್ಲ, ಸೊಪ್ಪು ಬರಲಿಲ್ಲ, ಅವುಗಳನ್ನು ಹದವಾಗಿ ಕೂಡಿಸಬಲ್ಲ ಕೈಯೂ ಬರಲಿಲ್ಲ. ನಮ್ಮ ಹಿರಿಯರ ಗಟ್ಟಿತನಕ್ಕೆ ರಾಗಿಯೊಂದೇ ಕಾರಣವಲ್ಲ, ಆ ಇಡೀ ಹೊಲ ಕಾರಣ.

ನಸುಕಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ದಣಿವು ಮರಳಿ ಬರಲಿ ಎಂದು ನಾನು ಬಯಸುವುದಿಲ್ಲ. ಮಿಲ್ಲು ಬಂದದ್ದು ಒಳ್ಳೆಯದೇ ಆಯಿತು. ಆದರೆ ಅವರ ದುಡಿಮೆ ತಗ್ಗಿಸುವುದಕ್ಕೆ ಅವರ ತಿಳಿವಳಿಕೆಯನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ. ಇಂದು ಊರಿನ ಎಷ್ಟೋ ಮಕ್ಕಳಿಗೆ ಅಣ್ಣೆಗೂ ಕೀರೆಗೂ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿರುವ ಮುದುಕಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಇನ್ನೂ ಪೂರ್ತಿ ಹೊತ್ತು ಮೀರಿಲ್ಲ. ಹೊಲ ಇರುವವರು ಈ ಮುಂಗಾರಿಗೆ ಒಂದು ಮೂಲೆಯಲ್ಲಾದರೂ ಅಕ್ಕಡಿ ಸಾಲು ಬಿಡಿ, ಅಷ್ಟು ಜಾಗಕ್ಕೆ ಕಳೆನಾಶಕ ಸೋಕಿಸಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ಕರೆದುಕೊಂಡು ಹೋಗಿ ಒಂದೊಂದು ಸೊಪ್ಪನ್ನೂ ಮಕ್ಕಳ ಕೈಯಲ್ಲೇ ಚಿವುಟಿಸಿ. ಪೇಟೆಯಲ್ಲಿರುವವರು ಸಂತೆಯಲ್ಲಿ ಬೆರಕೆ ಸೊಪ್ಪು ಮಾರುವ ಹೆಂಗಸು ಕಂಡರೆ ಚೌಕಾಸಿ ಮಾಡದೆ ಕೊಳ್ಳಿ, ಯಾವುದು ಯಾವ ಸೊಪ್ಪು ಎಂದು ಕೇಳಿ ತಿಳಿದುಕೊಳ್ಳಿ. ಕೊಳ್ಳುವವರಿದ್ದರೆ ಕೊಯ್ಯುವವರು ಉಳಿಯುತ್ತಾರೆ.