ಕಾಲಂ ಹೆಸರು ಬದಲಿಸಿದ್ದು ನಾನೇ

ತಿಂಗಳ ಕೊನೆಯ ರಾತ್ರಿ, ಹತ್ತೂವರೆ. ಊಟ ಮುಗಿಸಿ ತಟ್ಟೆ ತೊಳೀತಿದ್ದೆ, ಫೋನ್ ಬಂತು. ಒಂದು ಸಣ್ಣ ಗಾರ್ಮೆಂಟ್ಸ್ ಕಾರ್ಖಾನೆಯ ಸಂಬಳದ ಸಾಫ್ಟ್‌ವೇರ್ ನೋಡಿಕೊಳ್ಳೋದು ನಮ್ಮ ಟೀಮ್. ಆ ಕಡೆಯಿಂದ ಲೆಕ್ಕಪತ್ರ ವಿಭಾಗದವರು: “ಸರ್, ಸಂಬಳ ರನ್ ಆಗ್ತಿಲ್ಲ. ಹುಡುಗೀರು ಬಾಡಿಗೆ ಕಟ್ಟಬೇಕು, ನಾಳೆ ದುಡ್ಡು ಬೀಳುತ್ತಲ್ವಾ?”

ಲ್ಯಾಪ್‌ಟಾಪ್ ತೆಗೆದು ನೋಡಿದೆ. ‘ಆ ಹೆಸರಿನ ಕಾಲಂ ಇಲ್ಲ’ ಅಂತ ಎರರ್. ಎಲ್ಲರ ಲೆಕ್ಕವೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಡೆಯುತ್ತಿದ್ದರಿಂದ ಒಬ್ಬರದು ಕೆಟ್ಟಿದ್ದೇ ಎಲ್ಲರದ್ದೂ ವಾಪಸ್.

ಆ ಕಾಲಂ ಹೆಸರನ್ನು ಮೂರು ತಿಂಗಳ ಹಿಂದೆ ಬದಲಿಸಿದವನು ನಾನೇ. ಹಳೇ ಹೆಸರು ಇರುವ ಕಡೆಯೆಲ್ಲ ತಿದ್ದಿದ್ದೆ, ಒಂದು ಕಡೆ ಬಿಟ್ಟು. ಹೆರಿಗೆ ರಜೆ ಮುಗಿಸಿ ತಿಂಗಳ ಮಧ್ಯದಲ್ಲಿ ಕೆಲಸಕ್ಕೆ ಮರಳಿದವರ ಲೆಕ್ಕ ಮಾಡುವ ನಾಲ್ಕು ಸಾಲು ಅದು. ನಡುವಿನ ಎರಡು ತಿಂಗಳು ಅಂಥವರು ಯಾರೂ ಇರಲಿಲ್ಲ. ಈ ಸಲ ಒಬ್ಬರಿದ್ದರು.

ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರ ಪಿಎಲ್‌ಪಿಜಿಎಸ್‌ಕ್ಯೂಎಲ್ ಭಾಷೆಯಲ್ಲಿ ಫಂಕ್ಷನ್ ಬರೆದು ಉಳಿಸುವಾಗ ನೋಡೋದು ವ್ಯಾಕರಣ ಮಾತ್ರ. ಒಳಗೆ ಹೇಳಿರುವ ಟೇಬಲ್, ಕಾಲಂ ನಿಜವಾಗಿಯೂ ಇವೆಯಾ ಅನ್ನೋದು ಆ ಸಾಲು ಓಡುವಾಗಲೇ ಗೊತ್ತಾಗೋದು. ಲಗ್ನಪತ್ರಿಕೆಯಲ್ಲಿ ಕಾಗುಣಿತ ಸರಿಯಿದೆ, ಆದರೆ ಛತ್ರವನ್ನೇ ಕೆಡವಿದ್ದಾರೆ ಅಂದ ಹಾಗೆ. ವ್ಯೂ ಆಗಿದ್ದರೆ ಹೆಸರು ಬದಲಾದರೂ ತಾನೇ ಹೊಂದಿಕೊಳ್ಳುತ್ತಿತ್ತು. ಇಂಥ ಫಂಕ್ಷನ್‌ನ ಒಡಲು ಡೇಟಾಬೇಸ್‌ಗೆ ಬರೀ ಅಕ್ಷರಗಳ ಗಂಟು. ಇದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಗೊತ್ತಿತ್ತು, ತಲೆಕೆಡಿಸಿಕೊಂಡಿರಲಿಲ್ಲ.

ಆ ನಾಲ್ಕು ಸಾಲು ತಿದ್ದೋದಕ್ಕೆ ಎರಡು ನಿಮಿಷ ಸಾಕಾಯ್ತು. ಆದರೆ ಪರೀಕ್ಷಿಸಿ, ಒಪ್ಪಿಗೆ ಪಡೆದು, ಬ್ಯಾಂಕಿಗೆ ಫೈಲ್ ಹೋಗುವಷ್ಟರಲ್ಲಿ ಒಂದು ದಿನ ತಡ.

ಆಮೇಲೆ ಹಾಕಿಕೊಂಡಿದ್ದು ‘ಪಿಎಲ್‌ಪಿಜಿಎಸ್‌ಕ್ಯೂಎಲ್ ಚೆಕ್’ ಅನ್ನೋ ಎಕ್ಸ್‌ಟೆನ್ಷನ್. ಬರೆದವರು ಚೆಕ್ ಗಣರಾಜ್ಯದ ಪಾವೆಲ್ ಸ್ತೆಹುಲೆ, ಉಚಿತ. ಫಂಕ್ಷನ್ ಓಡಿಸದೇನೇ ಅದರ ಪ್ರತಿ ಕವಲಿಗೂ ಹೋಗಿ ನೋಡುತ್ತೆ: ಇಲ್ಲದ ಕಾಲಂ, ಹೊಂದದ ಟೈಪ್, ರಿಟರ್ನ್ ಮರೆತ ದಾರಿ, ಸುಮ್ಮನೆ ಘೋಷಿಸಿಟ್ಟ ವೇರಿಯೆಬಲ್. ಮಾಮೂಲಾಗಿ ಮೊದಲ ಎರರ್‌ಗೇ ನಿಂತುಬಿಡುತ್ತೆ. ತಿದ್ದಿ ಮತ್ತೆ ಕೇಳಬೇಕು. ಟ್ರಿಗರ್ ಆದರೆ ಯಾವ ಟೇಬಲ್‌ದು ಅಂತಲೂ ಹೇಳಬೇಕು.

ನಮ್ಮ ಎಲ್ಲ ಫಂಕ್ಷನ್‌ಗಳ ಮೇಲೆ ಹಾಯಿಸಿದ ದಿನ ಇನ್ನೂ ನಾಲ್ಕು ಕಡೆ ಸಿಕ್ಕಿತು. ಒಂದು, ಕೆಲಸ ಬಿಟ್ಟವರ ಗ್ರಾಚ್ಯುಟಿ ಲೆಕ್ಕದ್ದು. ಪುಣ್ಯಕ್ಕೆ ಆ ತಿಂಗಳು ಯಾರೂ ಬಿಟ್ಟಿರಲಿಲ್ಲ. ಈಗ ಪ್ರತಿ ರಿಲೀಸ್‌ಗೂ ಮೊದಲು ಈ ತಪಾಸಣೆ ತಾನಾಗಿಯೇ ನಡೆಯುತ್ತೆ. ಎರರ್ ಬಂದರೆ ರಿಲೀಸ್ ಇಲ್ಲ.

ಒಂದು ಕೊರತೆ ಇದೆ. ಓಡುವಾಗಲೇ ಅಕ್ಷರ ಜೋಡಿಸಿ ತಯಾರಾಗುವ ಕ್ವೆರಿಗಳು ಅದಕ್ಕೆ ಸರಿಯಾಗಿ ಕಾಣೋದಿಲ್ಲ. ಅಂಥ ಫಂಕ್ಷನ್‌ಗಳು ನಮ್ಮಲ್ಲಿ ಇನ್ನೂ ಮೂರಿವೆ. ಪ್ರತಿ ತಿಂಗಳೂ 25ರಂದು ಕಾಫಿ ಹಿಡಿದು ಕೂತು ಅವನ್ನು ಕಣ್ಣಲ್ಲೇ ಓದ್ತೀನಿ.