ಹೊಲಕ್ಕೆ ಮಿತಿ, ಆಕಾಶಕ್ಕೆ?

ಮದ್ದೂರಿನಲ್ಲಿ ವಡೆ ತಿನ್ನುತ್ತಾ ಗೋಡೆಯ ಟಿವಿ ನೋಡುತ್ತಿದ್ದೆ. ತಲೆಗೆ ಬಂದದ್ದು ಭೂಮಿತಿ! ಮಳವಳ್ಳಿ ಕಡೆಯ ಹಿರಿಯರನ್ನು ಕೇಳಿ, 1974ರ ಭೂಸುಧಾರಣೆ ಅಂದರೆ ಇಂದಿಗೂ ಕಥೆ ಹೇಳುತ್ತಾರೆ. ಒಂದು ಕುಟುಂಬಕ್ಕೆ ಇಷ್ಟೇ ಜಮೀನು ಅಂತ ಕಾನೂನು ಗೆರೆ ಎಳೆದಿತ್ತು.

ಟಿವಿಗೆ ಅಂಥ ಗೆರೆ ಇದೆಯೇ? ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. 2001ರ ಡಿಟಿಎಚ್ ನಿಯಮ, ಚಾನೆಲ್ ಕಂಪನಿಗಳು ಡಿಟಿಎಚ್ ಕಂಪನಿಯಲ್ಲಿ ಶೇ 20ಕ್ಕಿಂತ ಹೆಚ್ಚು ಪಾಲು ಹೊಂದಬಾರದು ಅಂದಿತು. ಅಂದರೆ ಡಿಟಿಎಚ್ ಡಬ್ಬಿ ಮಾರುವವರಿಗೆ ಬೇಲಿ ಇದೆ. ರಾಜಕಾರಣಿಗಳಿಗೆ ಇಲ್ಲ. ಪಕ್ಷಗಳನ್ನು ಪ್ರಸಾರದಿಂದ ದೂರ ಇಡಿ ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2014ರಲ್ಲಿ ಶಿಫಾರಸು ಮಾಡಿತ್ತು, ಅದು ಕಾನೂನಾಗಲಿಲ್ಲ.

ನಮ್ಮ ಮಂಡ್ಯದ ಸಂಸದ ಕುಮಾರಸ್ವಾಮಿ ಅವರ ಕುಟುಂಬವೇ 2007ರಲ್ಲಿ ಕಸ್ತೂರಿ ಚಾನೆಲ್ ಶುರು ಮಾಡಿದ್ದು. ಸುವರ್ಣ ನ್ಯೂಸ್ ಹಿಂದೆ ಬಿಜೆಪಿಯ ರಾಜೀವ್ ಚಂದ್ರಶೇಖರ್ ಇದ್ದರು. ಯಾವುದೂ ಕಾನೂನುಬಾಹಿರವಲ್ಲ, ಅದೇ ತಮಾಷೆ.

2019ರ ಚುನಾವಣೆಯಲ್ಲಿ ಸುಮಲತಾ ಮತ್ತು ಕುಮಾರಸ್ವಾಮಿ ಮಗ ನಿಖಿಲ್ ನಡುವಿನ ಪೈಪೋಟಿಗೆ ಎಲ್ಲ ಚಾನೆಲ್‌ಗಳೂ ಮಂಡ್ಯದಲ್ಲೇ ಟೆಂಟ್ ಹಾಕಿದ್ದವು. ಯಾವ ಕ್ಯಾಮೆರಾ ಯಾರದು ಅಂತ ನಾವ್ಯಾರೂ ಕೇಳಲಿಲ್ಲ. ವಡೆ ಆರಿಹೋಯ್ತು.