ಮೇಷ್ಟ್ರಿಗೂ ಬೇಕು ಒಬ್ಬ ಕೋಚ್

ಕೋಚಿಂಗ್ ಅಂದ ಕೂಡಲೇ ನಮಗೆ ನೆನಪಾಗೋದು ಸಿಇಟಿ, ಜೆಇಇ, ಆಮೇಲೆ ಗೇಟ್. ಮೆಂಟರ್ ಅಂದ್ರೆ ಸೆಮಿಸ್ಟರ್‌ಗೆ ಎರಡು ಸಲ ಅಟೆಂಡೆನ್ಸ್ ವಿಚಾರಿಸಿ ಫಾರ್ಮ್‌ಗೆ ಸಹಿ ಹಾಕುವ ಮೇಡಂ. ಪಾಠ ಮಾಡುವವರಿಗೂ ಇವೆರಡೂ ಬೇಕು ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅಕ್ಕನ ಬಾಯಲ್ಲಿ.

ಅಕ್ಕ ಒಂದು ಮೆಡಿಕಲ್ ಕಾಲೇಜಿನ ಸರ್ಜರಿ ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಓಪಿಡಿ, ಆಪರೇಷನ್, ಎಂಬಿಬಿಎಸ್ ಹುಡುಗರಿಗೆ ವಾರ್ಡ್‌ನಲ್ಲಿ ಪಾಠ, ಪಿಜಿಗಳ ಥೀಸಿಸ್, ಬಡ್ತಿಗೆ ಪೇಪರ್. ಎಂಎಸ್ ಮುಗಿಯುವ ತನಕ ಅವಳ ಕೈಯನ್ನು ಯಾರಾದರೊಬ್ಬರು ಗಮನಿಸುತ್ತಲೇ ಇದ್ದರು. ಫ್ಯಾಕಲ್ಟಿ ಆದ ದಿನದಿಂದ ಯಾರೂ ನೋಡಿಲ್ಲ. "ಐದು ವರ್ಷ ಆಯ್ತು ಕಣೋ. ಸುಧಾರಿಸ್ತಿದ್ದೀನೋ, ಅದೇ ತಪ್ಪನ್ನ ನೀಟಾಗಿ ಮಾಡ್ತಿದ್ದೀನೋ ಗೊತ್ತಾಗ್ತಿಲ್ಲ" ಅಂದಳು. ಖಾಸಗಿ ಆಸ್ಪತ್ರೆಯೊಂದರಿಂದ ಕರೆ ಬಂದಿತ್ತು. ಪಾಠ ಬಿಟ್ಟು ಹೋಗಿಬಿಡುವ ಯೋಚನೆಯಲ್ಲಿದ್ದಳು.

ಆಗ ಅವಳು ನನಗೆ ಓದಲು ಕೊಟ್ಟದ್ದು ಅತುಲ್ ಗವಾಂಡೆ 2011ರಲ್ಲಿ ನ್ಯೂಯಾರ್ಕರ್ ಪತ್ರಿಕೆಗೆ ಬರೆದ ಲೇಖನ. ಅದನ್ನು ಬರೆದಾಗ ಗವಾಂಡೆ ಬಾಸ್ಟನ್‌ನ ಸರ್ಜನ್, ಹಾರ್ವರ್ಡ್‌ನಲ್ಲಿ ಮೇಷ್ಟ್ರು ಆಗಿದ್ದರು. ಎಂಟು ವರ್ಷದಲ್ಲಿ 2000ಕ್ಕೂ ಹೆಚ್ಚು ಆಪರೇಷನ್ ಮಾಡಿದ ಮೇಲೆ ತಮ್ಮ ಪ್ರಗತಿ ನಿಂತಿದೆ ಅನ್ನಿಸಿ, ತಮಗೆ ಹಿಂದೆ ಕಲಿಸಿದ್ದ ನಿವೃತ್ತ ಸರ್ಜನ್ ರಾಬರ್ಟ್ ಆಸ್ಟೀನ್ ಅವರನ್ನು ಓಟಿಗೆ ಕರೆದರು. ಆಸ್ಟೀನ್ ಮಾತಾಡದೆ ನಿಂತು, ನೋಡಿ, ನೋಟ್ಸ್ ಬರೆದುಕೊಂಡರು. ಥೈರಾಯ್ಡ್ ಆಪರೇಷನ್ ಚೆನ್ನಾಗಿಯೇ ಮುಗಿಯಿತು. ಆದರೂ ಪಟ್ಟಿ ಉದ್ದ ಇತ್ತು: ಬಟ್ಟೆ ಹೊದಿಸಿದ್ದು ಗವಾಂಡೆಗೆ ಅನುಕೂಲ, ಎದುರಿಗಿದ್ದ ಅಸಿಸ್ಟೆಂಟ್‌ಗೆ ಇಕ್ಕಟ್ಟು. ಮೊಣಕೈ ಆಗಾಗ ಭುಜದ ಮಟ್ಟಕ್ಕೆ ಏರುತ್ತಿತ್ತು. ದೀಪ ಗಾಯದ ಮೇಲಿಂದ ಸರಿದು ಅರ್ಧ ಗಂಟೆಯಾದರೂ ಅವರಿಗೆ ಗೊತ್ತಾಗಿರಲಿಲ್ಲ!

ರೋಗಿಯೊಬ್ಬರು "ಇವರ್ಯಾರು?" ಅಂತ ಕೇಳಿದಾಗ ಕೋಚ್ ಥರ ಅಂದರಂತೆ ಗವಾಂಡೆ. ರೋಗಿಗೆ ಅದರಿಂದ ಧೈರ್ಯವೇನೂ ಬರಲಿಲ್ಲ. ಇದು ವಿಚಿತ್ರ ಅಲ್ವಾ? 2021ರಿಂದ 2024ರವರೆಗೆ ರೋಹಿತ್, ಕೊಹ್ಲಿಗೆ ನಮ್ಮ ದ್ರಾವಿಡ್ ಕೋಚ್ ಆಗಿದ್ದರು. ಅವರಿಗೆ ಬ್ಯಾಟಿಂಗ್ ಬರಲ್ಲ ಅಂತ ಯಾರೂ ಗಾಬರಿಯಾಗಲಿಲ್ಲ.

ಮೆಂಟರ್ ಮತ್ತು ಕೋಚ್ ನಡುವೆ ವ್ಯತ್ಯಾಸ ಇದೆ. ಯಾವ ಸಂಶೋಧನೆ ಹಿಡಿಯಬೇಕು, ಯಾವ ಕೆಲಸಕ್ಕೆ 'ಇಲ್ಲ' ಅನ್ನಬೇಕು ಅಂತ ತನ್ನ ಅನುಭವದಿಂದ ಹೇಳೋರು ಮೆಂಟರ್. ಆ ನಂಟು ವರ್ಷಗಟ್ಟಲೆ ನಡೆಯುತ್ತೆ. ಇವತ್ತು ಮಾಡಿದ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡೋರು ಕೋಚ್. ನಮ್ಮ ದೇಶದ ಮೆಡಿಕಲ್ ಅಧ್ಯಾಪಕರು ಬಡ್ತಿಗೆ ಬೋಧನೆಯ ಬೇಸಿಕ್ ಕೋರ್ಸ್ ಮಾಡಬೇಕು. ಅದು ಕೆಲವೇ ದಿನ. ವಾಪಸ್ ಬಂದ ಮೇಲೆ ಕಲಿತದ್ದು ವಾರ್ಡ್‌ನಲ್ಲಿ ಇಳಿಯಿತಾ ಅಂತ ನೋಡೋರು ಬೇಕಲ್ಲ.

ಅಕ್ಕ ನಿವೃತ್ತ ಮೇಷ್ಟ್ರೊಬ್ಬರನ್ನು ಕೇಳಿಕೊಂಡಳು. ಎಚ್‌ಓಡಿಯನ್ನ ಯಾಕೆ ಕರೀಲಿಲ್ಲ ಅಂದೆ. "ಅಪ್ರೈಸಲ್ ಬರೆಯೋರು ನೋಡ್ತಿದ್ರೆ ನಾನು ಪಾಠ ಮಾಡಲ್ಲ ಕಣೋ, ನಾಟಕ ಮಾಡ್ತೀನಿ" ಅಂದಳು. ಮೇಷ್ಟ್ರು ಒಂದು ಬೆಳಿಗ್ಗೆ ವಾರ್ಡ್‌ನಲ್ಲಿ ಹಿಂದೆ ನಿಂತು ಎರಡೇ ವಿಷಯ ಹೇಳಿದರು. ಪ್ರಶ್ನೆ ಕೇಳಿ, ಹುಡುಗರು ಯೋಚಿಸುವ ಮೊದಲೇ ನೀನೇ ಉತ್ತರ ಹೇಳ್ತೀಯಮ್ಮ. ಹೊಟ್ಟೆ ಮುಟ್ಟಿ ತೋರಿಸುವಾಗ ನಿನ್ನ ಬೆನ್ನಿನ ಹಿಂದಿರೋ ಮೂವರಿಗೆ ನಿನ್ನ ಕೈಯೇ ಕಾಣಲ್ಲ. ಆ ಮೂವರು ನಾಳೆ ಯಾವುದೋ ಪಿಎಚ್‌ಸಿಯಲ್ಲಿ ಡಾಕ್ಟರ್ ಆಗಿರುತ್ತಾರೆ, ಅವರ ಮುಂದೆ ಹೊಟ್ಟೆನೋವು ಅಂತ ಯಾರೋ ಮಲಗಿರುತ್ತಾರೆ.

ನಾವು ನಾಲ್ಕು ಸಾಲು ಕೋಡ್ ಮರ್ಜ್ ಮಾಡೋಕೂ ರಿವ್ಯೂ ಕೇಳ್ತೀವಿ. ನಮ್ಮಲ್ಲೂ ಕೆಲವರು ಎಂಟೆಕ್, ಪಿಎಚ್‌ಡಿ ಮುಗಿಸಿ ಇದೇ ಬೋರ್ಡ್ ಮುಂದೆ ನಿಲ್ತೀರಿ. ಆಗ ಸಹಿ ಹಾಕುವ ಅಧಿಕಾರ ಇಲ್ಲದ, ನಿಮ್ಮ ಮೇಲೆ ಅಕ್ಕರೆ ಇರುವ ಒಬ್ಬರನ್ನು ಕೊನೆ ಬೆಂಚಿನಲ್ಲಿ ಕೂರಿಸಿಕೊಳ್ಳಿ.

ಅಕ್ಕ ಖಾಸಗಿ ಆಸ್ಪತ್ರೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ತಿಂಗಳು ಮೇಷ್ಟ್ರು ಅವಳ ಓಟಿಗೆ ಬರ್ತಾರಂತೆ.